ಕಾವಲು ಸಂಸ್ಥೆಯ ಆಡಳಿತ ಮಂಡಳಿಗೆ ಯಾವ ಸಾಫ್ಟ್‌ವೇರ್ ಹೊಂದುತ್ತದೆ?

ಪಂಚಾಯ್ತಿ ಕಾಮಗಾರಿಯ ಲೆಕ್ಕ ಕೇಳುವವರು, ಚುನಾವಣೆಗೆ ನಿಂತವರ ಅಫಿಡವಿಟ್ ಓದಿ ಜನರ ಮುಂದಿಡುವವರು, ನಗರಪಾಲಿಕೆಯ ಬಜೆಟ್ ಬಿಡಿಸಿ ನೋಡುವವರು, ಮಕ್ಕಳ ವಸತಿ ಗೃಹಗಳ ಮೇಲೆ ಕಣ್ಣಿಟ್ಟಿರುವವರು. ಲಾಭಕ್ಕಲ್ಲದೆ ಇಂಥ ನಿಗಾ ಕೆಲಸ ಮಾಡುವ ಕಾವಲು ಸಂಸ್ಥೆಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಕೆಲವು ಟ್ರಸ್ಟ್, ಕೆಲವು ಸೊಸೈಟಿ, ಕೆಲವು ಕಂಪನಿ ಕಾಯ್ದೆಯಡಿ ಲಾಭಕ್ಕಲ್ಲದೆ ನೋಂದಾಯಿಸಿದ ಸೆಕ್ಷನ್ 8 ಕಂಪನಿ. 2005ರ ಮಾಹಿತಿ ಹಕ್ಕು ಕಾಯ್ದೆ ಹಿಡಿದು ಇವರು ದಿನಾ ಕೇಳುವ ಪ್ರಶ್ನೆ ಒಂದೇ: ಈ ತೀರ್ಮಾನ ಯಾವ ಸಭೆಯಲ್ಲಿ ಆಯಿತು, ಠರಾವಿನ ಪ್ರತಿ ಕೊಡಿ. ಅದೇ ಪ್ರಶ್ನೆಯನ್ನು ಯಾರಾದರೂ ಇವರಿಗೇ ಕೇಳಿದರೆ ತಡಕಾಡದೆ ಉತ್ತರ ಕೊಡಲು ಆಗಬೇಕು. ಆಡಳಿತ ಮಂಡಳಿಯ ಸಭೆ, ಕಾಗದ, ಠರಾವುಗಳನ್ನು ನಿಭಾಯಿಸುವ ಬೋರ್ಡ್ ಸಾಫ್ಟ್‌ವೇರ್ ಬೇಕೋ ಬೇಡವೋ ಅನ್ನೋ ಚರ್ಚೆಗೆ ಇದೇ ಸರಿಯಾದ ಜಾಗ ಅಂತ ನನ್ನ ನಂಬಿಕೆ.

ಮಾರುವವರು ಕೊಡುವ ಪಟ್ಟಿ ಉದ್ದವಾಗಿರುತ್ತದೆ. ಅಜೆಂಡಾ ಜೋಡಣೆ, ಆನ್‌ಲೈನ್ ಮತದಾನ, ಡ್ಯಾಶ್‌ಬೋರ್ಡ್, ಈಗ ಎಐ ಸಾರಾಂಶ ಬೇರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಸಂಸ್ಥೆಯ ಹಳೆಯ ಸಭೆಗಳಿಂದ ಮೂರು ಕಾಗದ ಎತ್ತಿಕೊಳ್ಳಿ. ಒಂದು, ದೂರು ಕೊಟ್ಟವರ ಹೆಸರಿರುವ ಪತ್ರ. ಎರಡು, ಸಮಿತಿಯ ಸದಸ್ಯರೊಬ್ಬರು ಹಿಂದೆ ನೌಕರಿ ಮಾಡಿದ್ದ ಇಲಾಖೆಯ ಬಗ್ಗೆ ಬರೆದ ಕರಡು ವರದಿ. ಮೂರು, ಸಭೆ ಸೇರಲು ಪುರುಸೊತ್ತಿಲ್ಲದೆ ಎಲ್ಲರ ಒಪ್ಪಿಗೆಯನ್ನು ಫೋನಿನಲ್ಲೇ ಪಡೆದ ಒಂದು ಠರಾವು. ಪ್ರತಿ ಆಯ್ಕೆಯಲ್ಲೂ ಈ ಮೂರು ಕಾಗದ ಯಾರ ಕಣ್ಣಿಗೆ ಬೀಳುತ್ತವೆ, ಎಲ್ಲಿ ಉಳಿಯುತ್ತವೆ, ವರ್ಷಗಳಾದ ಮೇಲೂ ಸಿಗುತ್ತವೆಯೇ ಎಂದು ನೋಡಿ. ಮುಂದೆ ನಾನು ಮಾಡುವುದೂ ಅದನ್ನೇ.

ಠರಾವು ಪುಸ್ತಕ, ವಾಟ್ಸಾಪ್, ಸ್ವಂತ ಜಿಮೇಲ್

ಹೆಚ್ಚಿನ ಸಂಸ್ಥೆಗಳು ಇರುವುದು ಇಲ್ಲೇ. ಠರಾವು ಪುಸ್ತಕದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಪುಟ ಸಂಖ್ಯೆ ಹಾಕಿ, ಸಾಲು ಬಿಡದೆ ಬರೆದು, ಅಧ್ಯಕ್ಷರು ಸಹಿ ಮಾಡಿದ ಪುಸ್ತಕ ಇವತ್ತಿಗೂ ಗಟ್ಟಿ ದಾಖಲೆ. ತೊಂದರೆ ಇರುವುದು ಆ ಪುಸ್ತಕದ ಹೊರಗೆ. ಸಭೆಗೆ ಮುಂಚೆ ಕಾಗದಗಳು ಓಡಾಡುವುದು ವಾಟ್ಸಾಪ್ ಗುಂಪಿನಲ್ಲಿ.

ದೂರಿನ ಪತ್ರವನ್ನೇ ತೆಗೆದುಕೊಳ್ಳಿ. ಗುಂಪಿಗೆ ಹಾಕಿದ ಕ್ಷಣ ಅದು ಪ್ರತಿಯೊಬ್ಬರ ಫೋನಿಗೆ ಇಳಿಯುತ್ತದೆ. ಫೋಟೋ ಆಗಿದ್ದರೆ ಗ್ಯಾಲರಿಗೂ ಸೇರಿಬಿಡಬಹುದು. ಅವಧಿ ಮುಗಿದು ಸಮಿತಿ ಬಿಟ್ಟವರ ಫೋನಿನಲ್ಲೂ ಅದು ಹಾಗೇ ಉಳಿಯುತ್ತದೆ. ವಾಟ್ಸಾಪ್ ಸಂದೇಶಗಳು ದಾರಿಯಲ್ಲಿ ಯಾರಿಗೂ ಓದಲು ಸಿಗುವುದಿಲ್ಲ, ನಿಜ. ಆದರೆ ತಲುಪಿದ ಮೇಲೆ ಅದರ ಮೇಲೆ ಸಂಸ್ಥೆಗೆ ಹಿಡಿತವೇ ಇಲ್ಲ. ವಿಷಯ ಮಕ್ಕಳದ್ದಾದರೆ ಇನ್ನೂ ಎಚ್ಚರ ಬೇಕು. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಮಗುವಿನ ಗುರುತು ಹೊರಬೀಳುವುದನ್ನು ತಡೆಯುತ್ತದೆ.

ಎರಡನೇ ಕಾಗದದ್ದು ಬೇರೆ ತೊಡಕು. ಆ ಒಬ್ಬ ಸದಸ್ಯರನ್ನು ಬಿಟ್ಟು ಇನ್ನೊಂದು ಗುಂಪು ಮಾಡಬೇಕಾಗುತ್ತದೆ. ಅದು ಗೊತ್ತಾದ ದಿನ ಮನಸ್ತಾಪ ಖಂಡಿತ. ಮೂರನೇ ಕಾಗದಕ್ಕೆ ಬಂದರೆ, ಹೆಬ್ಬೆರಳಿನ ಚಿಹ್ನೆ ಹಾಕಿದ್ದು ಒಪ್ಪಿಗೆಯೋ, ಓದಿದೆ ಎಂಬ ಸೂಚನೆಯೋ? ಮುಂದೆ ತಕರಾರು ಎದ್ದರೆ ಯಾರು ಹೇಳಬೇಕು? ಕಾರ್ಯದರ್ಶಿ ಫೋನ್ ಬದಲಿಸಿದರೆ, ಬ್ಯಾಕಪ್ ಇಲ್ಲದಿದ್ದರೆ, ಅವರ ಹತ್ತಿರವಿದ್ದ ಆಧಾರವೂ ಹೋಯಿತು.

ಸಭೆಯ ದಿನ ನೆನಪಿಸಲು, ಊಟ ಯಾರಿಗೆಲ್ಲ ಬೇಕು ಎಂದು ಕೇಳಲು ವಾಟ್ಸಾಪ್ ಇರಲಿ. ಕಾಗದ ಅಲ್ಲಿಗೆ ಹೋಗಬಾರದು. ನೀವು ಬೇರೆ ಏನನ್ನೂ ಕೊಳ್ಳದಿದ್ದರೂ ಇಷ್ಟನ್ನಂತೂ ಜಾರಿಗೆ ತನ್ನಿ.

ಗೂಗಲ್, ಮೈಕ್ರೋಸಾಫ್ಟ್, ಝೋಹೋ

ಇದನ್ನು ಬಹಳ ಜನ ಬೋರ್ಡ್ ಸಾಫ್ಟ್‌ವೇರ್ ಎಂದು ಎಣಿಸುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳಿಗೆ ಮೊದಲು ಪರೀಕ್ಷಿಸಬೇಕಾದದ್ದು ಇದೇ. ಗೂಗಲ್ ವರ್ಕ್‌ಸ್ಪೇಸ್ ಅರ್ಹ ಲಾಭರಹಿತ ಸಂಸ್ಥೆಗಳಿಗೆ ಪುಕ್ಕಟೆ ಸಿಗುತ್ತದೆ. 2,000 ಬಳಕೆದಾರರವರೆಗೆ ಅವಕಾಶವಿದೆ. ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್ ಕೂಡ 300 ಜನರವರೆಗೆ ಉಚಿತ. ಎರಡಕ್ಕೂ ನೋಂದಣಿ ಪತ್ರ ತೋರಿಸಿ ಅರ್ಹತೆ ಖಚಿತಪಡಿಸಬೇಕು. ಝೋಹೋ ಚೆನ್ನೈ ಕಂಪನಿ. ಅದರ ಭಾರತದ ಖಾತೆಗಳ ಮಾಹಿತಿ ಭಾರತದ ಡೇಟಾ ಸೆಂಟರ್‌ಗಳಲ್ಲೇ ಇರುತ್ತದೆ. ದಾಖಲೆ ದೇಶದ ಹೊರಗೆ ಹೋಗಬಾರದು ಎಂದು ಪಟ್ಟು ಹಿಡಿಯುವ ಸದಸ್ಯರಿದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಗೆಲುವು ಸೋಲು ನಿರ್ಧಾರವಾಗುವುದು ಒಂದು ಸಣ್ಣ ವಿಷಯದಲ್ಲಿ. ಕಡತಗಳ ಒಡೆತನ ಯಾರದ್ದು? ಕಾರ್ಯದರ್ಶಿಯ ಸ್ವಂತ ಜಿಮೇಲ್‌ನಲ್ಲಿ ಫೋಲ್ಡರ್ ಮಾಡಿ ಹಂಚಿದರೆ ಒಡೆತನ ಅವರದ್ದೇ. ಅವರು ಸಂಸ್ಥೆ ಬಿಟ್ಟರೆ, ಖಾತೆ ಮುಚ್ಚಿದರೆ ಎಲ್ಲವೂ ಹೋಗುತ್ತದೆ. ಸಂಸ್ಥೆಯ ಖಾತೆಯಲ್ಲಿ ಶೇರ್ಡ್ ಡ್ರೈವ್ ಮಾಡಿದರೆ ಕಡತಗಳು ಸಂಸ್ಥೆಯ ಹೆಸರಲ್ಲೇ ಇರುತ್ತವೆ. ಸದಸ್ಯರಿಗೆಲ್ಲ ಸಂಸ್ಥೆಯ ಇಮೇಲ್ ವಿಳಾಸ ಕೊಡಿ. ಅವಧಿ ಮುಗಿದ ದಿನ ಆ ಖಾತೆ ಮುಚ್ಚಿ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಸೆಟ್ಟಿಂಗ್ ಅನ್ನು ಪೂರ್ತಿ ನಿಲ್ಲಿಸಿ. ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ.

ಹೀಗೆ ಮಾಡಿದರೆ ಮೊದಲ ಕಾಗದ ಭದ್ರ. ಡೌನ್‌ಲೋಡ್ ಮಾಡದಂತೆ ತಡೆಯಲೂ ಬರುತ್ತದೆ. ಪರದೆಯ ಫೋಟೋ ತೆಗೆಯುವುದನ್ನು ಮಾತ್ರ ಯಾವ ಸಾಫ್ಟ್‌ವೇರೂ ಪೂರ್ತಿ ತಡೆಯಲಾರದು. ಎರಡನೇ ಕಾಗದಕ್ಕೆ ಬೇರೆ ಫೋಲ್ಡರ್ ಮಾಡಿ, ಆ ಸದಸ್ಯರಿಗೆ ಪ್ರವೇಶ ಕೊಡದೆ ಇರಬಹುದು. ಆದರೆ ಇದನ್ನು ಪ್ರತಿ ಸಲ ಒಬ್ಬರು ನೆನಪಿಟ್ಟುಕೊಂಡು ಮಾಡಬೇಕು. ಮರೆತರೆ ಗೊತ್ತೇ ಆಗುವುದಿಲ್ಲ. ಮೂರನೇ ಕಾಗದಕ್ಕೆ ಇಮೇಲ್‌ನಲ್ಲಿ ಸ್ಪಷ್ಟ ಒಪ್ಪಿಗೆ ಪಡೆದು ಫೋಲ್ಡರ್‌ಗೆ ಸೇರಿಸಬೇಕು. ಕೆಲಸ ನಡೆಯುತ್ತದೆ, ಶಿಸ್ತು ಬೇಕು. ಆ ಶಿಸ್ತಿನ ಭಾರ ಬೀಳುವುದು ಕಾರ್ಯದರ್ಶಿ ಮತ್ತು ಕಚೇರಿಯ ಒಬ್ಬ ಸಿಬ್ಬಂದಿಯ ಮೇಲೆ.

ಸ್ವಂತ ಸರ್ವರ್

ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶ ಹಾಕಿಕೊಂಡರೆ ಎಲ್ಲವೂ ನಿಮ್ಮ ಕೈಯಲ್ಲೇ. ಸಿದ್ಧಾಂತವಾಗಿ ನನಗೆ ಇಷ್ಟವಾದ ದಾರಿ. ಆದರೆ ಸರ್ವರ್ ನೋಡಿಕೊಳ್ಳುವ ಕಾಯಂ ವ್ಯಕ್ತಿ ಇಲ್ಲದ ಸಂಸ್ಥೆ ಇದಕ್ಕೆ ಕೈ ಹಾಕಬಾರದು. ಉತ್ಸಾಹದಿಂದ ಮಾಡಿಕೊಟ್ಟ ಸ್ವಯಂಸೇವಕರು ಬೇರೆ ಊರಿಗೆ ಹೋದರೆ ಅಪ್‌ಡೇಟ್ ನಿಲ್ಲುತ್ತದೆ. ಅಪ್‌ಡೇಟ್ ಇಲ್ಲದ ಸರ್ವರ್‌ನಲ್ಲಿ ದೂರುದಾರರ ಹೆಸರು ಇಡುವುದು ಅಪಾಯ.

ಬೋರ್ಡ್ ಪೋರ್ಟಲ್‌ಗಳು

ಆಡಳಿತ ಮಂಡಳಿಗೆಂದೇ ಮಾಡಿದ ಸಾಫ್ಟ್‌ವೇರ್ ಇವು. ಡಿಲಿಜೆಂಟ್ ದೊಡ್ಡ ಕಂಪನಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಬೋರ್ಡ್‌ಎಫೆಕ್ಟ್ ಲಾಭರಹಿತ ಸಂಸ್ಥೆಗಳನ್ನು ಗಮನದಲ್ಲಿಟ್ಟದ್ದು, ಅದೂ ಈಗ ಡಿಲಿಜೆಂಟ್ ಒಡೆತನದಲ್ಲೇ ಇದೆ. ಬೋರ್ಡೆಬಲ್ ಮತ್ತು ಆನ್‌ಬೋರ್ಡ್ ಎರಡೂ ಅಮೆರಿಕದ ಇಂಡಿಯಾನಾ ರಾಜ್ಯದವು. ಬೋರ್ಡೆಬಲ್ ಶುರುವಾದದ್ದೇ ಲಾಭರಹಿತ ಸಂಸ್ಥೆಗಳಿಗಾಗಿ. ಅಜಿಯಸ್ ಕಂಪನಿಯ ಕನ್ವೀನ್ ಏಷ್ಯಾದಲ್ಲಿ ಚಾಲ್ತಿಯಲ್ಲಿದೆ. ಭಾರತದ್ದೇ ಬೇಕೆಂದರೆ ಡೆಸ್ ಡಿಜಿಟಲ್ ಮೀಟಿಂಗ್ಸ್ ಇದೆ.

ಎಲ್ಲದರ ಒಳಗೂ ಮೂಲ ಕೆಲಸ ಒಂದೇ ರೀತಿ. ಅಜೆಂಡಾದ ಪ್ರತಿ ವಿಷಯಕ್ಕೂ ಅದರ ಕಾಗದ ಜೋಡಿಸಿ ಒಂದೇ ಪುಸ್ತಕದಂತೆ ಸದಸ್ಯರ ಟ್ಯಾಬ್‌ಗೆ ಕಳಿಸುತ್ತವೆ. ಕೊನೇ ಗಳಿಗೆಯಲ್ಲಿ ಒಂದು ಪುಟ ಬದಲಾದರೆ ಎಲ್ಲರ ಪ್ರತಿಯಲ್ಲೂ ತಾನೇ ಬದಲಾಗುತ್ತದೆ. ಮತದಾನ, ಹಾಜರಿ, ನಡಾವಳಿಯ ಕರಡು, ಯಾರಿಗೆ ಯಾವ ಕೆಲಸ ವಹಿಸಿದೆ ಎಂಬ ಪಟ್ಟಿ ಎಲ್ಲವೂ ಒಂದೇ ಕಡೆ.

ಕಾವಲು ಸಂಸ್ಥೆಗೆ ಇದರಲ್ಲಿ ನಿಜವಾಗಿ ಬೆಲೆ ಬಾಳುವುದು ಎರಡು ಸಂಗತಿ. ಮೊದಲನೆಯದು, ಅಜೆಂಡಾದ ಒಂದೇ ವಿಷಯವನ್ನು ಒಬ್ಬ ಸದಸ್ಯರಿಗೆ ಮಾತ್ರ ಮುಚ್ಚಿಡುವ ಸೌಲಭ್ಯ. ಆ ಇಲಾಖೆಯಲ್ಲಿ ಕೆಲಸ ಮಾಡಿದ್ದವರು ಉಳಿದ ಸಭೆಗೆ ಎಂದಿನಂತೆ ಬರುತ್ತಾರೆ. ಆ ಒಂದು ವಿಷಯದ ಕಾಗದ ಮಾತ್ರ ಅವರಿಗೆ ತೆರೆಯುವುದಿಲ್ಲ. ಅವರು ಹೊರಗುಳಿದದ್ದು ದಾಖಲೆಯಾಗುತ್ತದೆ. ವರದಿ ಪ್ರಕಟವಾದ ಮೇಲೆ ಯಾರಾದರೂ ಪಕ್ಷಪಾತದ ಆರೋಪ ಮಾಡಿದರೆ ತೋರಿಸಲು ಕಾಗದ ಇರುತ್ತದೆ. ಇದು ಆ ಸದಸ್ಯರ ಮರ್ಯಾದೆಯನ್ನೂ ಉಳಿಸುತ್ತದೆ, ಅಲ್ವಾ? ಎರಡನೆಯದು, ಯಾರು ಯಾವಾಗ ಯಾವ ಕಾಗದ ತೆರೆದರು ಎಂಬ ದಾಖಲೆ. ಕರಡು ವರದಿ ಬಿಡುಗಡೆಗೆ ಮುಂಚೆ ಸೋರಿಕೆಯಾದರೆ ಎಲ್ಲರ ಮೇಲೂ ಅನುಮಾನ ಪಡುವ ಬದಲು ನೋಡಲು ಒಂದು ಆಧಾರ ಸಿಗುತ್ತದೆ.

ಡೆಮೊ ಕೊಡುವವರ ಮುಂದೆ ಈ ಎರಡನ್ನೂ ಮಾಡಿ ತೋರಿಸಲು ಹೇಳಿ. ಬರುತ್ತೆ ಅಂದರೆ ಸಾಲದು. ಕೆಲವು ಕಡಿಮೆ ದರದ ಪ್ಲಾನ್‌ಗಳಲ್ಲಿ ಇಡೀ ಸಭೆಗೆ ಅಥವಾ ಇಡೀ ಫೋಲ್ಡರ್‌ಗೆ ಮಾತ್ರ ಪ್ರವೇಶ ನಿಗದಿ ಮಾಡಲು ಬರಬಹುದು, ಒಂದೊಂದು ವಿಷಯಕ್ಕಲ್ಲ. ಹಾಗಿದ್ದರೆ ಗೂಗಲ್ ಡ್ರೈವ್‌ಗಿಂತ ನಿಮಗೆ ಸಿಗುವ ಲಾಭ ಕಡಿಮೆ.

ಇನ್ನೊಂದು ಪ್ರಶ್ನೆಯನ್ನು ಬಹಳಷ್ಟು ಮಂಡಳಿಗಳು ಕೇಳುವುದೇ ಇಲ್ಲ. ಅಡ್ಮಿನ್ ಯಾರು? ಸಾಮಾನ್ಯವಾಗಿ ಕಚೇರಿಯ ಐಟಿ ನೋಡುವವರಿಗೋ, ಕಾರ್ಯನಿರ್ವಾಹಕ ನಿರ್ದೇಶಕರಿಗೋ ಆ ಕೀಲಿ ಕೊಟ್ಟುಬಿಡುತ್ತಾರೆ. ಆದರೆ ಮಂಡಳಿ ಚರ್ಚಿಸುವ ವಿಷಯಗಳಲ್ಲಿ ನಿರ್ದೇಶಕರ ಸಂಬಳ ಇರುತ್ತದೆ, ಅವರ ಮೇಲೆ ಬಂದ ದೂರೂ ಇರಬಹುದು. ಅಡ್ಮಿನ್‌ಗೆ ಎಲ್ಲವೂ ಕಾಣುತ್ತದೆ ಎಂದಾದರೆ ಆ ದೂರನ್ನು ಮಂಡಳಿ ಎಲ್ಲಿಟ್ಟು ಓದಬೇಕು? ಅಡ್ಮಿನ್‌ಗೂ ಕಾಣದ ಜಾಗ ಮಾಡಲು ಬರುತ್ತದೆಯೇ, ಅಡ್ಮಿನ್ ಮಾಡಿದ ಬದಲಾವಣೆಯ ದಾಖಲೆ ಬೇರೆಯವರಿಗೆ ಸಿಗುತ್ತದೆಯೇ ಎಂದು ವಿಚಾರಿಸಿ. ಈ ಪ್ರಶ್ನೆ ಗೂಗಲ್‌ಗೂ ಮೈಕ್ರೋಸಾಫ್ಟ್‌ಗೂ ಅಷ್ಟೇ ಅನ್ವಯಿಸುತ್ತದೆ. ನನ್ನ ಸಲಹೆ: ಅಡ್ಮಿನ್ ಕೀಲಿ ಮಂಡಳಿಯ ಕಾರ್ಯದರ್ಶಿ ಮತ್ತು ಇನ್ನೊಬ್ಬ ಸದಸ್ಯರ ಬಳಿ ಇರಲಿ. ಸಿಬ್ಬಂದಿಗೆ ಕಾಗದ ಏರಿಸುವಷ್ಟು ಅಧಿಕಾರ ಸಾಕು.

ಸದಸ್ಯರು ಪುಟದ ಪಕ್ಕದಲ್ಲಿ ಬರೆಯುವ ಟಿಪ್ಪಣಿಗಳ ಬಗ್ಗೆಯೂ ಮೊದಲೇ ತೀರ್ಮಾನ ಮಾಡಿ. ಪೋರ್ಟಲ್‌ಗಳಲ್ಲಿ ಅವನ್ನು ಖಾಸಗಿಯಾಗಿಡಬಹುದು, ನಡಾವಳಿ ಅಂಗೀಕಾರವಾದ ಮೇಲೆ ಅಳಿಸಲೂಬಹುದು. ಕಾವಲು ಸಂಸ್ಥೆಗೆ ಮಾನನಷ್ಟದ ನೋಟಿಸ್ ಬರುವುದು ಹೊಸದೇನಲ್ಲ. ನೋಟಿಸ್ ಬಂದ ಮೇಲೆ ಅಳಿಸಿದರೆ ಅದು ಸಾಕ್ಷ್ಯ ಮುಚ್ಚಿಟ್ಟಂತೆ ಕಾಣುತ್ತದೆ. ಏನನ್ನು ಎಷ್ಟು ದಿನ ಇಡುತ್ತೇವೆ ಎಂಬ ನಿಯಮ ಬರಹದಲ್ಲಿರಲಿ. ನೋಟಿಸ್ ಬಂದರೆ ಅಳಿಸುವುದು ನಿಲ್ಲುತ್ತದೆ ಎಂಬ ಸಾಲೂ ಅದರಲ್ಲಿರಲಿ.

ಎಐ ಸಾರಾಂಶ, ಎಐ ನಡಾವಳಿ ಈಗ ದೊಡ್ಡ ಪೋರ್ಟಲ್‌ಗಳಲ್ಲಿ ಬಂದಿವೆ. ನಮ್ಮ ಸಭೆಗಳಲ್ಲಿ ಕನ್ನಡ, ಇಂಗ್ಲಿಷ್ ಬೆರೆತ ಮಾತು ಜಾಸ್ತಿ. ಹಾಗಾಗಿ ನಡಾವಳಿಯನ್ನು ಯಂತ್ರಕ್ಕೆ ಬಿಡಬೇಡಿ. ದೂರಿನ ಪತ್ರಗಳಿರುವ ಕಡೆ ಈ ಸೌಲಭ್ಯವನ್ನು ಪೂರ್ತಿ ಆಫ್ ಮಾಡಲು ಬರುತ್ತದೆಯೇ ಎಂದು ಕೇಳಿ.

ಕಾನೂನು ಏನು ಕೇಳುತ್ತದೆ

ನೀವು ಟ್ರಸ್ಟೋ, ಸೊಸೈಟಿಯೋ, ಕಂಪನಿಯೋ ಎಂಬುದರ ಮೇಲೆ ಅಗತ್ಯ ಬದಲಾಗುತ್ತದೆ. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ತೆರೆದು ನೋಡಿ. ಸೊಸೈಟಿ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಜೊತೆಗೆ ನಿಮ್ಮದೇ ಬೈಲಾ ಓದಿ. ಸಭೆಯ ನೋಟಿಸ್ ಅಂಚೆಯಲ್ಲೇ ಹೋಗಬೇಕು ಎಂದು ಹಳೆಯ ಬೈಲಾದಲ್ಲಿ ಬರೆದಿದ್ದರೆ, ಪೋರ್ಟಲ್‌ನಿಂದ ಹೋದ ನೋಟಿಸ್‌ಗೆ ಮುಂದೆ ತಕರಾರು ಬರಬಹುದು. ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಬೈಲಾ ತಿದ್ದುಪಡಿ ಆಗಬೇಕು, ಆಮೇಲಲ್ಲ.

ಸೆಕ್ಷನ್ 8 ಕಂಪನಿಗಳಿಗೆ 2013ರ ಕಂಪನಿ ಕಾಯ್ದೆ ಹೆಚ್ಚು ಸ್ಪಷ್ಟ. ಬೋರ್ಡ್ ಸಭೆಗೆ ಕನಿಷ್ಠ 7 ದಿನದ ನೋಟಿಸ್ ಬೇಕು, ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಬಹುದು. ಇತರ ಕಂಪನಿಗಳಂತೆ ವರ್ಷಕ್ಕೆ ನಾಲ್ಕು ಸಭೆ ಬೇಡ. 2015ರ ವಿನಾಯಿತಿಯಂತೆ ಪ್ರತಿ ಆರು ತಿಂಗಳಿಗೆ ಒಂದಾದರೂ ಸಾಕು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಯ ಲೆಕ್ಕವೂ ಬೇರೆ: 8 ಜನ ಅಥವಾ ಒಟ್ಟು ಬಲದ ಶೇ. 25, ಯಾವುದು ಕಡಿಮೆಯೋ ಅದು, ಆದರೆ ಇಬ್ಬರಿಗಿಂತ ಕಡಿಮೆ ಆಗುವಂತಿಲ್ಲ. ವಿದೇಶಿ ಪೋರ್ಟಲ್‌ನ ಕೋರಂ ಸೂತ್ರಕ್ಕೆ ಇದು ತಾನಾಗಿ ಗೊತ್ತಿರುವುದಿಲ್ಲ. ಸೆಟ್ ಮಾಡಬೇಕು. ನಮ್ಮ ಮೂರನೇ ಕಾಗದಕ್ಕೆ ಸೆಕ್ಷನ್ 175 ದಾರಿ ತೋರಿಸುತ್ತದೆ. ಠರಾವಿನ ಕರಡು ಅಗತ್ಯ ಕಾಗದಗಳ ಜೊತೆ ಎಲ್ಲ ನಿರ್ದೇಶಕರಿಗೂ ಹೋಗಬೇಕು. ಮತ ಹಾಕಲು ಅರ್ಹರಾದವರಲ್ಲಿ ಬಹುಮತ ಒಪ್ಪಬೇಕು. ಮುಂದಿನ ಸಭೆಯಲ್ಲಿ ಅದನ್ನು ಗಮನಕ್ಕೆ ತಂದು ನಡಾವಳಿಗೆ ಸೇರಿಸಬೇಕು. ಪೋರ್ಟಲ್‌ಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ.

ಸಹಿಯ ವಿಷಯದಲ್ಲಿ ಜನ ಹೆಚ್ಚಾಗಿ ಎಡವುತ್ತಾರೆ. ಸಹಿಯ ಫೋಟೋ ಅಂಟಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾನ್ಯ ಮಾಡುವ ಎಲೆಕ್ಟ್ರಾನಿಕ್ ಸಹಿ ಅಲ್ಲ. ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಅಥವಾ ಆಧಾರ್ ಆಧಾರಿತ ಇ-ಸೈನ್ ಬೇಕು. ವಿದೇಶಿ ಪೋರ್ಟಲ್‌ನೊಳಗಿನ ಸಹಿ ಸೌಲಭ್ಯ ಇವುಗಳಿಗೆ ಹೊಂದುತ್ತದೆಯೇ ಎಂದು ವಿಚಾರಿಸಿ. ಟ್ರಸ್ಟ್ ಡೀಡ್‌ನಂಥ ಪತ್ರಕ್ಕೆ ಇ-ಸಹಿ ನಡೆಯುವುದೇ ಇಲ್ಲ. ಸಂದೇಹವಿದ್ದರೆ ನಡಾವಳಿಯನ್ನು ಮುದ್ರಿಸಿ ಶಾಯಿಯಲ್ಲೇ ಸಹಿ ಮಾಡಿ. ಪೋರ್ಟಲ್ ಬಂದ ಮಾತ್ರಕ್ಕೆ ಠರಾವು ಪುಸ್ತಕ ಬಿಡಬೇಕೆಂದೇನಿಲ್ಲ.

ಕನ್ನಡದ ಕಡತಗಳು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಹೊರದೇಶದ ಯಾವ ಹೋಲಿಕೆಯಲ್ಲೂ ಇದರ ಮಾತು ಬರುವುದಿಲ್ಲ. ನಿಮ್ಮ ಹಳೆಯ ನಡಾವಳಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗಿರುವ ಸಾಧ್ಯತೆ ಬಹಳ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತದಲ್ಲಿಲ್ಲ. ಆ ಕಡತವನ್ನು ಪೋರ್ಟಲ್‌ಗೆ ಏರಿಸಿದರೆ ಫಾಂಟ್ ಇಲ್ಲದ ಟ್ಯಾಬ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಪಿಡಿಎಫ್ ಮಾಡಿ ಏರಿಸಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಆದರೆ ಹುಡುಕಿದರೆ ಏನೂ ಸಿಗುವುದಿಲ್ಲ. ಐದು ವರ್ಷದ ಹಿಂದೆ ಕೆರೆ ಒತ್ತುವರಿ ವರದಿಗೆ ಯಾರು ಒಪ್ಪಿಗೆ ಕೊಟ್ಟರು ಎಂದು ಹುಡುಕಾಟದ ಪೆಟ್ಟಿಗೆಯಲ್ಲಿ ಕೇಳಿದರೆ ಉತ್ತರ ಖಾಲಿ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿ ಮೂರನ್ನೂ ಒಬ್ಬರು ಕೂತು ಓದಿ ನೋಡಲೇಬೇಕು. ಹಣದ ಮೊತ್ತ ತಪ್ಪಾದರೆ ದಾಖಲೆಯೇ ತಪ್ಪು. ಮೂಲ ಪ್ರತಿಯನ್ನು ಎಸೆಯಬೇಡಿ. ಎರಡನ್ನೂ ಜೊತೆಯಲ್ಲಿಡಿ. ಇಷ್ಟು ಕೆಲಸಕ್ಕೆ ಜನ ಇಲ್ಲದಿದ್ದರೆ ಎಲ್ಲ ನಡಾವಳಿ ಬೇಡ, ಠರಾವಿನ ಸಂಖ್ಯೆ, ದಿನಾಂಕ, ವಿಷಯ ಇಷ್ಟರ ಒಂದು ಸೂಚಿಯನ್ನು ಯೂನಿಕೋಡ್‌ನಲ್ಲಿ ಮಾಡಿಕೊಳ್ಳಿ. ಹುಡುಕಲು ಅದೇ ಸಾಕಾಗುತ್ತದೆ.

ಡೆಮೊ ದಿನ ನಿಮ್ಮದೇ ಒಂದು ಕನ್ನಡ ನಡಾವಳಿಯನ್ನು ಏರಿಸಿ ನೋಡಿ. ಒತ್ತಕ್ಷರ ಇರುವ ಒಂದು ಪದ ಹುಡುಕಿ. ಅದನ್ನೇ ಪಿಡಿಎಫ್ ಆಗಿ ಇಳಿಸಿ, ಅಕ್ಷರ ಒಡೆದಿದೆಯೇ ನೋಡಿ. ಪೋರ್ಟಲ್‌ನ ಮೆನು ಇಂಗ್ಲಿಷ್‌ನಲ್ಲೇ ಇದ್ದರೂ ಅಡ್ಡಿಯಿಲ್ಲ. ಒಳಗಿನ ಕಾಗದ ಕನ್ನಡದಲ್ಲಿ ಸರಿಯಾಗಿ ನಡೆಯದಿದ್ದರೆ ಮಾತ್ರ ಒಪ್ಪಬೇಡಿ. ಕನ್ನಡ ಮಾತ್ರ ಓದುವ ಸದಸ್ಯರು ಸಮಿತಿಯಲ್ಲಿದ್ದರೆ, ಊರಿನ ಕೆಲಸ ಹತ್ತಿರದಿಂದ ಬಲ್ಲವರು ಹೆಚ್ಚಾಗಿ ಅವರೇ. ಸಾಫ್ಟ್‌ವೇರ್ ಅವರನ್ನು ಸಭೆಯಲ್ಲಿ ಸುಮ್ನೆ ಕೂರುವಂತೆ ಮಾಡಬಾರದು.

ಖರ್ಚು, ಹೊರಬರುವ ದಾರಿ

ದೊಡ್ಡ ಪೋರ್ಟಲ್‌ಗಳು ಸಾಮಾನ್ಯವಾಗಿ ಬೆಲೆಯನ್ನು ವೆಬ್‌ಸೈಟಿನಲ್ಲಿ ಹಾಕುವುದಿಲ್ಲ. ಕೋಟ್ ಕೇಳಬೇಕು. ಲಾಭರಹಿತ ರಿಯಾಯಿತಿಯನ್ನು ನೀವೇ ಬಾಯಿಬಿಟ್ಟು ಕೇಳಿ. ಡಾಲರ್‌ನಲ್ಲಿ ಬಿಲ್ ಬಂದರೆ ವಿನಿಮಯ ದರ, ತೆರಿಗೆ ಎರಡನ್ನೂ ಆಡಿಟರ್ ಹತ್ತಿರ ಕೇಳಿ ಲೆಕ್ಕ ಹಾಕಿ. ಎರಡನೇ ವರ್ಷದ ದರ ಎಷ್ಟು ಏರಬಹುದು ಎಂಬುದು ಕರಾರಿನಲ್ಲೇ ಇರಲಿ. ವಿದೇಶಿ ದೇಣಿಗೆ ಪಡೆಯುವವರು ಇನ್ನೊಂದು ಮಿತಿ ನೆನಪಿಡಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಮಂಡಳಿಯ ಸಾಫ್ಟ್‌ವೇರ್ ಆ ಶೇ. 20ರೊಳಗೇ ಸೇರುವ ಸಾಧ್ಯತೆ ಜಾಸ್ತಿ.

ಕರಾರು ವರ್ಷಕ್ಕೊಂದು, ದಾಖಲೆ ಇಡಬೇಕಾದ ಅವಧಿ ಉದ್ದ. ದತ್ತಿ ಸಂಸ್ಥೆಗಳ ಲೆಕ್ಕಪತ್ರಗಳಿಗೆ 2022ರಲ್ಲಿ ಬಂದ ಆದಾಯ ತೆರಿಗೆ ನಿಯಮ 17ಎಎ 10 ವರ್ಷದ ಅವಧಿ ಹೇಳಿತು. ನಡಾವಳಿಯಂತೂ ಸಂಸ್ಥೆ ಇರುವವರೆಗೂ ಬೇಕು. ಹಾಗಾಗಿ ಚಂದಾ ನಿಲ್ಲಿಸಿದ ದಿನ ಎಲ್ಲ ಕಾಗದ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂದು ಲಿಖಿತವಾಗಿ ಕೇಳಿ. ಪಿಡಿಎಫ್‌ಗಳು ಬಂದು, ಮತ ಹಾಕಿದವರ ಹೆಸರು, ಹೊರಗುಳಿದವರ ದಾಖಲೆ ಬರದಿದ್ದರೆ ನೀವು ಹಣ ಕೊಟ್ಟ ಮುಖ್ಯ ಭಾಗವೇ ಅಲ್ಲಿ ಉಳಿದುಹೋಗುತ್ತದೆ. ಅವರ ಕಡೆ ಉಳಿದ ಪ್ರತಿಗಳನ್ನು ಯಾವಾಗ ಅಳಿಸುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರ ಮಾಹಿತಿಯ ಹೊಣೆಯನ್ನು ಪೋರ್ಟಲ್ ಕಂಪನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಯಾರಿಗೆ ಯಾವುದು

ಏಳೆಂಟು ಜನರ ಸಮಿತಿ, ವರ್ಷಕ್ಕೆ ಕೆಲವೇ ಸಭೆ, ಒಂದೇ ಜಿಲ್ಲೆಯ ಕೆಲಸ: ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಉಚಿತ ಖಾತೆ, ಶೇರ್ಡ್ ಡ್ರೈವ್, ಜೊತೆಗೆ ಠರಾವು ಪುಸ್ತಕ. ಪೋರ್ಟಲ್‌ಗೆ ಹಣ ಹಾಕಬೇಡಿ. ಆ ಹಣದಲ್ಲಿ ಹಳೆಯ ನಡಾವಳಿಗಳ ಯೂನಿಕೋಡ್ ಕೆಲಸ ಮಾಡಿಸಿ.

ಉಪಸಮಿತಿಗಳಿವೆ, ಸದಸ್ಯರಲ್ಲಿ ನಿವೃತ್ತ ಅಧಿಕಾರಿಗಳು, ವಕೀಲರು, ಪತ್ರಕರ್ತರು ಇದ್ದಾರೆ, ಹೆಚ್ಚು ಕಡಿಮೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಯಾವುದಾದರೊಂದು ವಿಷಯದಿಂದ ಹೊರಗುಳಿಯಬೇಕಾಗುತ್ತದೆ ಎಂದಾದರೆ ಪೋರ್ಟಲ್ ತೆಗೆದುಕೊಳ್ಳಿ. ಡ್ರೈವ್‌ನಲ್ಲಿ ಇದನ್ನು ಕೈಯಿಂದ ನಿಭಾಯಿಸಿದರೆ ಒಂದಲ್ಲ ಒಂದು ದಿನ ತಪ್ಪು ಫೋಲ್ಡರ್ ತಪ್ಪು ಕೈಗೆ ಹೋಗುತ್ತದೆ. ಹಣ ಬಿಗಿಯಿದ್ದರೆ ಲಾಭರಹಿತ ಸಂಸ್ಥೆಗಳಿಗೆಂದೇ ಇರುವ ಪೋರ್ಟಲ್‌ಗಳನ್ನು ಮೊದಲು ನೋಡಿ. ದಾಖಲೆ ಭಾರತದಲ್ಲೇ ಇರಬೇಕು, ಫೋನ್ ಮಾಡಿದರೆ ನಮ್ಮ ಸಮಯಕ್ಕೆ ಸಿಗಬೇಕು ಎಂದಾದರೆ ಭಾರತದ ಕಂಪನಿಯಿಂದಲೂ ಒಂದು ಕೋಟ್ ತರಿಸಿ.

ವಾರ್ಷಿಕ ಕರಾರಿಗೆ ಮುಂಚೆ ಒಂದು ಪೂರ್ತಿ ಸಭೆಯನ್ನು ನೋಟಿಸ್‌ನಿಂದ ನಡಾವಳಿಯ ಅಂಗೀಕಾರದವರೆಗೆ ಅದರಲ್ಲೇ ನಡೆಸಿ ನೋಡಿ. ಆ ಸಭೆಯಲ್ಲಿ ಟ್ಯಾಬ್ ಬಳಸಲು ಅತ್ಯಂತ ಹಿಂಜರಿಯುವ ಸದಸ್ಯರ ಪಕ್ಕ ಒಬ್ಬರು ಕೂರಲಿ. ಆಮೇಲೆ ಅಳವಡಿಸುವ ಠರಾವು ಮಾಡಿ. ಅದರಲ್ಲಿ ಅಡ್ಮಿನ್ ಯಾರು, ಅವರು ಇಲ್ಲದಾಗ ಯಾರು, ಅವಧಿ ಮುಗಿದ ಸದಸ್ಯರ ಖಾತೆ ಎಷ್ಟು ದಿನದೊಳಗೆ ಮುಚ್ಚಬೇಕು, ಯಾವ ದಿನಾಂಕದ ನಂತರ ವಾಟ್ಸಾಪ್‌ನಲ್ಲಿ ಕಾಗದ ಹಾಕುವಂತಿಲ್ಲ ಎಂಬುದನ್ನೆಲ್ಲ ಹೆಸರು, ದಿನಾಂಕದ ಸಮೇತ ಬರೆಯಿರಿ.